ನಡುವಿನವನಿಗೊಂದು ಹೆಸರು

ಗಂಡ ಹೆಂಡಿರ ಜಗಳದಲ್ಲಿ ಕೂಸು ದಪ್ಪಾಯಿತು. ಹಾವೇರಿಯ ದನದ ಸಂತೆಯಲ್ಲಿ ಈ ಗಾದೆ ಹೀಗೇ ಚಾಲ್ತಿಯಲ್ಲಿತ್ತು. ಗಂಡನೆಂದರೆ ಮಾರುವವ, ಹೆಂಡತಿಯೆಂದರೆ ಕೊಳ್ಳುವವ, ಕೂಸೆಂದರೆ ದಲಾಲ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು, ಖರೇ ಅಂದರೆ ಖರೇ ನಡೆದದ್ದು. ಗಾದೆ ಸುಳ್ಳು ಎಂಬುದಕ್ಕಂತೂ ಗುಡದಪ್ಪನ ಮೈಯೇ ಸಾಕ್ಷಿ. ಅರ್ಧ ಆಯುಷ್ಯ ದಲಾಲಿ ಮಾಡಿಯೂ ಅವನ ಹೊಟ್ಟೆ ಬೆನ್ನಿಗೆ ಅಂಟಿಕೊಂಡೇ ಇತ್ತು. ಇಡೀ ಸಂತೆಗೆ ನಡುವಿನ ಮನುಷ್ಯ ಅವನು, ಆದರೆ ಧೋತರ ಕಟ್ಟಲು ಅವನಿಗೇ ಒಂದು ನಡು ಇರಲಿಲ್ಲ.

ಅವನ ಕಸಬು ಬಾಯಿಯದಲ್ಲ, ಬೆರಳಿನದು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಸುತ್ತ ನಿಂತವರು, ಚಹಾದಂಗಡಿಯವನು, ಬೀಡಿ ಸೇದುತ್ತ ನಿಂತ ಬಸ್ ಡ್ರೈವರ್ ಎಲ್ಲರೂ ಆ ಎತ್ತಿಗೆ ಬೆಲೆ ಕಟ್ಟತೊಡಗುತ್ತಾರೆ. ಅದಕ್ಕೇ ದಲಾಲ ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಮೊದಲು ಮಾರುವವನ ಬೆರಳು ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ಒಂದು ಲೆಕ್ಕ, ಮುಷ್ಟಿಗೆ ಇನ್ನೊಂದು, ಅಂಗೈ ಒತ್ತಿದರೆ ಒಪ್ಪಿಗೆ. ಕೈ ಮಾತಾಡುತ್ತಿರುವಾಗ ಮುಖ ನೋಡಬಾರದು. ಒಬ್ಬ ಮುಗಿಲು ನೋಡುತ್ತಾನೆ, ಇನ್ನೊಬ್ಬ ಎತ್ತಿನ ಬಾಲ ನೋಡುತ್ತಾನೆ. ಊರಲ್ಲೆಲ್ಲ ‘ಕೈ ಕೊಟ್ಟ’ ಅಂದರೆ ಮೋಸ ಮಾಡಿದ ಎಂದರ್ಥ. ಸಂತೆಯಲ್ಲಿ ಮಾತ್ರ ಕೈ ಕೊಟ್ಟ ಅಂದರೆ ನಂಬಿದ ಎಂದು. ಗುಡದಪ್ಪನ ಟವೆಲ್ಲಿನ ಕೆಳಗೆ ಕೈ ಕೊಟ್ಟವರು ಯಾರೂ ಕೈ ಕೈ ಹಿಸುಕಿಕೊಂಡು ಮನೆಗೆ ಹೋಗಿರಲಿಲ್ಲ.

ಇಂಥ ಗುಡದಪ್ಪನಿಗೆ ಎಂಬತ್ತೆಂಟನೆಯ ಇಸವಿಯ ಬೇಸಗೆಯಲ್ಲಿ ಒಂದು ಶಬ್ದದ ಬರ ಬಂತು.

ಅವನ ಒಬ್ಬಳೇ ಮಗಳು ಚೌಡವ್ವ ಗುತ್ತಲದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಹೆಸರು ಅಜ್ಜಿಯದು, ನಾಲಿಗೆಯೂ ಅಜ್ಜಿಯದೇ. ಅದೇ ಶಾಲೆಗೆ ಬ್ಯಾಡಗಿಯ ಫಕ್ಕೀರೇಶ ಮಾಸ್ತರನಾಗಿ ಬಂದು ಹಾವೇರಿಯಲ್ಲಿ ಖೋಲಿ ಹಿಡಿದಿದ್ದ. ದಿನಾ ಇಬ್ಬರೂ ಒಂದೇ ಗುತ್ತಲ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ನಡುವೆ ಚೌಡವ್ವನ ಚೀಲ. ಒಂದು ದಿನ ಚೀಲ ಸೀಟು ಬಿಟ್ಟು ಅವಳ ತೊಡೆಯ ಮೇಲೆ ಬಂತು. ಅವರ ಪ್ರೇಮಕಥೆ ಇಷ್ಟೇ. ಉಳಿದದ್ದನ್ನು ಕಂಡಕ್ಟರನೇ ಎರಡೂ ಮನೆಗೆ ಮುಟ್ಟಿಸಿದ.

ಫಕ್ಕೀರೇಶನ ತಂದೆ ಡಾಕಪ್ಪ ಮೆಣಸಿನಕಾಯಿ ಬೆಳೆಯುವವ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಡಾಕಪ್ಪನಲ್ಲಿ ಎರಡೂ ಸಮಸಮ ಇದ್ದವು. ಹುಡುಗಿ ನೋಡಲು ಬಂದವನು ಅವಳನ್ನು ನೋಡಿ ಸಂತೋಷಪಟ್ಟ, ಅವಲಕ್ಕಿ ತಿಂದು ಇನ್ನೂ ಸಂತೋಷಪಟ್ಟ, ಕೈ ತೊಳೆದು ಹೊರಗೆ ಬಂದು ಗುಡದಪ್ಪನಿಗೆ ಹೇಳಿದ:

“ಹುಡುಗಿ ಬಂಗಾರ ಐತಿ. ನಮ್ಮ ಮನಿಗೆ ಒಪ್ಪಿಗಿ. ಆದ್ರ ನೋಡ್ರಿ, ನಮ್ಮ ಬಳಗದ ಲಗ್ನಪತ್ರಿಕಿಯೊಳಗ ತಂದಿ ಹೆಸರಿನ ಕೆಳಗ ಉದ್ಯೋಗ ಹಾಕೂ ರೂಢಿ ಐತಿ. ನನ್ನ ಹೆಸರಿನ ಕೆಳಗ ‘ಪ್ರಗತಿಪರ ಮೆಣಸಿನಕಾಯಿ ಬೆಳೆಗಾರರು’ ಅಂತ ಬರತೈತಿ. ಬಾಜೂಕ ‘ದನದ ದಲಾಲ’ ಅಂತ ಬಂದ್ರ ಹೆಂಗ ಕಾಣತೈತಿ ಹೇಳ್ರಿ?”

“ಖಾಲಿ ಬಿಡೂಣಲ್ರಿ ಮತ್ತ” ಎಂದ ಗುಡದಪ್ಪ.

“ಖಾಲಿ ಬಿಟ್ರ ಜೇಲಿನ್ಯಾಗ ಅದಾರೇನು ಅಂತಾರ. ಬ್ಯಾಡ. ಅರ್ಥ ಅದ ಇರಲಿ, ಮರ್ಯಾದಿ ಇರೂ ಶಬ್ದ ಹುಡುಕ್ರಿ. ಶಬ್ದ ಸಿಕ್ಕ ಮ್ಯಾಲೆ ಮುಂದಿನ ಮಾತು. ಇನ್ನೊಂದು, ಆ ಮಾತಿಗೂ ನಡುವ ಯಾರನ್ನೂ ಕರಿಯೂದು ಬ್ಯಾಡ. ಎತ್ತು ಕೊಳ್ಳೂ ಮುಂದ ಒಬ್ಬ ದಲಾಲನಿಂದ ನಾ ಒಮ್ಮೆ ಭಾಳ ಅನುಭವಿಸೇನಿ. ನನ್ನ ಮನಿ ಮಾತಿನ್ಯಾಗ ದಲಾಲನ ಕೈ ಬರಾಕಬಾರದು.”

ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಚೌಡವ್ವ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದದ್ದೇ ಗುಡದಪ್ಪನನ್ನು ಹೆದರಿಸಿತು. ನಾಲಿಗೆ ಇರುವ ಮಗಳು ಸುಮ್ಮನಿದ್ದಾಳೆಂದರೆ ಹುಡುಗ ಅಷ್ಟು ಬೇಕಾಗಿದ್ದಾನೆ. ಈಗ ಮಗಳ ಬಾಳು ಒಂದು ಶಬ್ದಕ್ಕೆ ಜೋತುಬಿದ್ದಿತ್ತು, ಆ ಶಬ್ದ ಎಲ್ಲಿ ಸಿಗುತ್ತದೋ ಅವನಿಗೆ ಗೊತ್ತಿರಲಿಲ್ಲ. ಎತ್ತಾಗಿದ್ದರೆ ಹಲ್ಲು ಎಣಿಸಿ ತರುತ್ತಿದ್ದ.

ಶಬ್ದ ಗೊತ್ತಿದ್ದವನು ಒಬ್ಬನಿದ್ದ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ಬಾಳಕೃಷ್ಣ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಹಳೇ ನಾಣ್ಯ ಕೂಡಿಸುತ್ತಾರೆ. ಇವನು ‘ನಡುವೆ ಇರುವ’ ವಸ್ತುಗಳ ಹೆಸರು ಕೂಡಿಸುತ್ತಿದ್ದ. ಅದೇ ಹುಚ್ಚಿಗೆ ಸಂತೆಯ ದಿನ ರಜೆ ಹಾಕಿ ಹಾವೇರಿಗೆ ಬರುವುದು, ದನಗಳ ನಡುವೆ ಸುತ್ತುವುದು, ಸೆಗಣಿ ತುಳಿಯುವುದು, ಕಂಡವರನ್ನು ಕೇಳುವುದು.

“ಗುಡದಪ್ಪಾ, ಎರಡು ಸಾಲಿನ ನಡುವ ಕುಂಟಿ ಹೊಡಿಯೂದಕ್ಕ ಏನಂತೀರಿ?”

“ಎಡಿ ಹೊಡಿಯೂದು.”

“ಎರಡು ಹೊಲದ ನಡುವ ಇರೂದು?”

“ಬದು.”

“ಎರಡು ಮನಿ ನಡುವ?”

“ಸಂದಿ. ಸಲ್ಪ ಅಗಲ ಇದ್ರ ಓಣಿ. ಭಾಳ ಅಗಲ ಇದ್ರ ಕೋರ್ಟು-ಕಚೇರಿ.”

“ಎರಡು ಮಳಿ ನಡುವ?”

“ಹೊಳವು. ಅಲ್ರೀ ಸರ, ಇದನ್ನೆಲ್ಲಾ ತಗೊಂಡು ಏನ್ ಮಾಡ್ತೀರಿ?”

“ಏನೂ ಇಲ್ಲೋ ಮಾರಾಯ. ಬೆಳಿಗೆ ಹೆಸರಿರೂದು ಸಹಜ. ಬೆಳಿ ನಡುವಿನ ಬೆಳಿಗೂ ಅಕ್ಕಡಿ ಅಂತ ಹೆಸರಿಟ್ಟಾರಲ್ಲ, ಯಾಕ? ಖಾಲಿ ಜಾಗಕ್ಕ ಯಾರು, ಯಾಕ ಹೆಸರಿಡ್ತಾರ? ಅದು ನನಗ ತಿಳೀಬೇಕಾಗೇದ.”

ಖಾಲಿ ಜಾಗದಲ್ಲಿ ನಿಂತು ಹೊಟ್ಟೆ ಹೊರೆಯುವ ಗುಡದಪ್ಪನಿಗೆ ಅದೊಂದು ಪ್ರಶ್ನೆಯೇ ಅನಿಸಿರಲಿಲ್ಲ. ಆದರೆ ಬಾಳಕೃಷ್ಣನ ಇನ್ನೊಂದು ಗುಣ ಅವನಿಗೆ ಬಲು ಇಷ್ಟ. ಯಾರ ದನಿಯನ್ನು ಬೇಕಾದರೂ ಬಾಯಲ್ಲಿ ತಂದುಬಿಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಗುತ್ಲಾ ಗುತ್ಲಾ ಗುತ್ಲಾ ಐರಣೀ’ ಎಂದು ಕಂಡಕ್ಟರನಂತೆ ಕೂಗಿ ಗುತ್ತಲದ ಜನರನ್ನು ರಾಣೆಬೆನ್ನೂರಿನ ಬಸ್ಸಿಗೆ ಹತ್ತಿಸಿಬಿಟ್ಟಿದ್ದ. ದಲಾಲ ರಹಿಮಾನಸಾಬನ ದನಿಯಲ್ಲಿ ಎತ್ತನ್ನು ಕರೆದರೆ ಎತ್ತು ತಿರುಗಿ ನೋಡುತ್ತಿತ್ತು. ರಹಿಮಾನಸಾಬನೂ ತಿರುಗಿ ನೋಡುತ್ತಿದ್ದ.

ಗುಡದಪ್ಪ ಸಂಕಟ ತೋಡಿಕೊಂಡಾಗ ಬಾಳಕೃಷ್ಣನ ಕಣ್ಣು ಹೊಳೆದವು. “ಶಬ್ದ ತಾನ? ನನ್ನ ಹತ್ರ ಹೇರಳ ಅವ. ಒಂದು ಶಬ್ದ ಕೊಟ್ರ ಒಂದು ಬೆರಳ ಲೆಕ್ಕ ಕಲಿಸಬೇಕು. ಕಬೂಲ?”

“ಕಬೂಲ್ರಿ. ಆದ್ರ ಮಗಳ ಲಗ್ನ ಐತಿ, ಚ್ಯಾಷ್ಟಿ ಬ್ಯಾಡ.”

ಚಹಾದಂಗಡಿಯ ಬೆಂಚಿನ ಮೇಲೆ ವ್ಯಾಪಾರ ಶುರುವಾಯಿತು. ಮೊದಲ ಶಬ್ದ ‘ಮಧ್ಯವರ್ತಿ’. ಕೇಳಲು ಘನವಾಗಿತ್ತು. ಗುಡದಪ್ಪ ಖುಷಿಯಾಗಿ ಒಂದು ಬೆರಳು ಕಲಿಸಿದ. ಕಲಿತು ಮುಗಿದ ಮೇಲೆ ಬಾಳಕೃಷ್ಣ ಮೂಗು ಹಿಡಿದು ರೇಡಿಯೊದ ಕೃಷಿ ಕಾರ್ಯಕ್ರಮದವರ ದನಿ ತೆಗೆದ: “ರೈತ ಬಾಂಧವರೇ, ಮಧ್ಯವರ್ತಿಗಳ ಹಾವಳಿಯಿಂದ ಪಾರಾಗಿರಿ! ಬೂದಿ ರೋಗಕ್ಕೆ ಗಂಧಕ ಸಿಂಪಡಿಸಿರಿ!”

“ಥೂ” ಎಂದ ಗುಡದಪ್ಪ. “ಇದು ಬ್ಯಾಡ್ರಿ. ಬೀಗರು ದಿನಾ ರೇಡಿಯೊ ಕೇಳ್ತಾರ.”

ಎರಡನೆಯದು ‘ಮಧ್ಯಸ್ಥ’. ಇದನ್ನು ಮನೆಗೆ ಒಯ್ದು ಹೆಂಡತಿ ಕರಿಯವ್ವನ ಮುಂದೆ ಇಟ್ಟ. ಕರಿಯವ್ವ ಅದನ್ನು ನಾಲ್ಕು ಸಲ ಬಾಯಲ್ಲಿ ತಿರುಗಿಸಿ, ಬಾಜೂ ಮನೆಯ ಸೈದಾಬಿಗೆ ಹೇಳಿ ಬಂದಳು: “ನಮ್ಮನಿಯವರು ಈಗ ಮಧ್ಯಸ್ಥರು ನೋಡವ್ವ.” ಸೈದಾಬಿ ಗಾಬರಿಯಾಗಿ ಸೆರಗು ಹೊದ್ದು ಓಡಿಬಂದಳು. “ಯಾರ ಯಾರಿಗೆ ಜಗಳ ಆತ್ರೀ? ಆಸ್ತಿದೋ, ಗಂಡ ಹೆಂಡ್ತಿದೋ?” ಸಂಜೆಯೊಳಗೆ ಇಡೀ ಓಣಿ ಗುಡದಪ್ಪನ ಮನೆಯಲ್ಲಿ ಪಾಲು ಆಗುತ್ತಿದೆಯಂತೆ ಎಂದು ಮಾತಾಡಿತು.

‘ಪ್ರತಿನಿಧಿ’ ಅಂದು ನೋಡಿದ. ಚಹಾದಂಗಡಿಯವನು “ವಿಮಾ ನನಗ ಆಗೇತ್ರಿ” ಎಂದು ಕೈ ಮುಗಿದ. ‘ನಡುವಣ’ ಎಂಬ ಹಳಗಾಲದ್ದನ್ನು ರಹಿಮಾನಸಾಬನಿಗೆ ಹೇಳಿದರೆ, “ಎತ್ತಿನ ಗೊರಸಿಗೆ ಬರೂ ಹುಣ್ಣಿನ ಹೆಸರಿದ್ದಂಗ ಐತಲೋ” ಎಂದು ಉಗುಳಿದ. ‘ಕೊಂಡಿ’ ಎಂದಾಗ ಕರಿಯವ್ವ ಕಾಲು ಮೇಲೆತ್ತಿ ಚೇಳು ಎಲ್ಲಿದೆಯೆಂದು ಹುಡುಕಿದಳು. ‘ಸಂಧಾನಕಾರ’ ಎಂಬ ಶಬ್ದ ಪೇಪರಿನಲ್ಲಿ ಬರುವಾಗಲೆಲ್ಲ ಪಕ್ಕದಲ್ಲೇ ಯುದ್ಧವೂ ಇರುತ್ತಿತ್ತು.

“ಸೇತುವೆ ಅಂತ ಹಾಕ್ಸಿದ್ರ?” ಎಂದು ಗುಡದಪ್ಪ ಮಗಳನ್ನೇ ಕೇಳಿದ. “ಎರಡು ದಂಡಿ ಕೂಡಸ್ತೈತಿ, ಛಲೋ ಐತಲ್ಲ?”

ಚೌಡವ್ವ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. “ಸೇತುವಿ ಮ್ಯಾಲೆ ಎಲ್ಲಾರೂ ತುಳದ ದಾಟೂದು ಅಪ್ಪಾ. ಕೆಳಗ ಏನೇನ್ ಮಾಡ್ತಾರ ಅದನ್ನ ನಾ ಹೇಳೂದಿಲ್ಲ.” ಆಮೇಲೆ ತಂಬಿಗೆ ಕೆಳಗಿಟ್ಟು ಮೆಲ್ಲಗೆ, “ಅಪ್ಪಾ, ದಲಾಲ ಅನ್ನೂದಕ್ಕ ನಿನಗ ನಾಚಿಕಿ ಬರತೈತೇನು?” ಎಂದಳು.

“ನನಗ್ಯಾಕವ್ವ? ಬಂದ್ರ ಅವರಿಗೆ.”

“ಹಂಗಂದ್ರ ನಾವ್ಯಾಕ ಹುಡುಕಾಕತ್ತೇವಿ?”

ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮತ್ತೆ ತಂಬಿಗೆ ಎತ್ತಿಕೊಂಡಳು. ಮುಂದಿನ ಸಂತೆಯ ಹೊತ್ತಿಗೆ ಗುಡದಪ್ಪ ಕೊನೆಯ ಬೆರಳೂ ಕಲಿಸಿಬಿಟ್ಟಿದ್ದ. ಬಾಳಕೃಷ್ಣನ ಹತ್ತಿರ ಶಬ್ದ ಮುಗಿದಿದ್ದವು.

“ಸರ, ಒಂದೂ ತಾಳಕಿ ಬರಲಿಲ್ಲಲ್ರಿ. ಇಷ್ಟು ದೊಡ್ಡ ಕನ್ನಡದಾಗ ನನ್ನಂಥಾವನಿಗೆ ಒಂದು ಛಲೋ ಹೆಸರಿಲ್ಲೇನ್ರಿ?”

ಬಾಳಕೃಷ್ಣ ಅಪರೂಪಕ್ಕೆ ತನ್ನ ಸ್ವಂತ ದನಿಯಲ್ಲಿ ಮಾತಾಡಿದ. “ನಾನೂ ಅದನ್ನ ವಿಚಾರ ಮಾಡಾಕತ್ತೇನಿ. ಶಬ್ದ ಹುಟ್ಟಿದಾಗ ಒಂದೂ ಕೆಟ್ಟಿರೂದಿಲ್ಲೋ. ಸಂದಿ, ಬದು, ಹೊಳವು, ಇವಕ್ಕ ಯಾರೂ ಬೈಯೂದಿಲ್ಲ. ನಡುವ ಒಬ್ಬ ಮನುಷ್ಯಾ ನಿಂತ ಅಂದಕೂಡ್ಲೇ ಶಬ್ದ ಹುಳೀ ಆಗ್ತದ. ಹೊಸಾದು ತಂದ್ರೂ ನಾಕು ದಿನದಾಗ ಅದೂ ಹುಳೀನ. ಯಾಕಂತ ತಿಳೀವಲ್ದು.” ತುಸು ಹೊತ್ತು ಗಡ್ಡ ಕೆರೆದುಕೊಂಡ. “ನಿಮ್ಮ ಬೀಗರು ಮಾತುಕತಿಗೆ ಯಾವಾಗ ಬರ್ತಾರ?”

“ಈ ರವಿವಾರ. ಶಬ್ದ ಕೇಳಾಕ.”

“ನಾನೂ ಬರ್ತೇನಿ. ಶಬ್ದ ಹುಡುಕೂ ಸರ ಅಂತ ಹೇಳ್ರಿ. ಉಳಿದದ್ದು ನನಗ ಬಿಡ್ರಿ.”

ಬಾಳಕೃಷ್ಣನಿಗೆ ಏನನ್ನಾದರೂ ಬಿಡುವುದೆಂದರೆ ಬೆಕ್ಕಿಗೆ ಹಾಲಿನ ಗಡಿಗೆ ಬಿಟ್ಟಂತೆ ಎಂದು ಗುಡದಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಇವನಂತೂ ಕಡ್ಡಿ ಆಡಿಸುವುದರಲ್ಲೇ ಹೆಸರಾದವನು.

ರವಿವಾರ ಡಾಕಪ್ಪ ಹೆಂಡತಿ ಮಂಗಳವ್ವನ ಜೊತೆ ಬಂದ. ಫಕ್ಕೀರೇಶನನ್ನು ರೂಢಿಯಂತೆ ಕರೆತಂದಿರಲಿಲ್ಲ. ಪಡಸಾಲೆಯಲ್ಲಿ ಕೂರಲು ಒಂದು ಉದ್ದನೆಯ ಬಾಕು. ಆ ತುದಿಗೆ ಡಾಕಪ್ಪ, ಈ ತುದಿಗೆ ಗುಡದಪ್ಪ, ನಡುವೆ ಖಾಲಿ. ಬಾಳಕೃಷ್ಣ ಗೋಡೆಗೊರಗಿ ಕುಳಿತ. ಮಂಗಳವ್ವ, ಕರಿಯವ್ವ ಕೆಳಗೆ ಚಾಪೆಯ ಮೇಲೆ. ಒಗ್ಗರಣೆ ಮಂಡಕ್ಕಿ ಬಂತು, ಮಿರ್ಚಿ ಬಂತು, ಚಹಾ ಬಂತು.

“ಶಬ್ದ ಸಿಕ್ತೇನ್ರಿ?” ಎಂದ ಡಾಕಪ್ಪ.

“ಹುಡುಕಾಕತ್ತೇವ್ರಿ” ಎಂದ ಗುಡದಪ್ಪ. ಡಾಕಪ್ಪನ ಮುಖ ಬಿಗಿಯಾಯಿತು. ಮಿರ್ಚಿಯನ್ನು ಅರ್ಧಕ್ಕೇ ತಾಟಿನಲ್ಲಿಟ್ಟ.

“ಶಬ್ದ ಅಚ್ಚಿನಮನಿಗೆ ಹೋಗೂತನಕಾ ಟೈಮ್ ಅದರಿ” ಎಂದು ಬಾಳಕೃಷ್ಣ ಬಾಯಿ ಹಾಕಿದ. “ಅದಕಿಂತಾ ಮೊದಲ ಎಲಿ ಎಷ್ಟು ಅನ್ನೂದು ತೀರಬೇಕಲ್ಲ? ಗಂಡಿನ ಕಡಿಂದ ಎಷ್ಟು ಮಂದಿ ಬರ್ತಾರ, ಎಷ್ಟು ಎಲಿ ಹಾಕ್ಸಬೇಕು? ಅದನ್ನ ಮಾತಾಡ್ರಲ್ಲ.”

ಮಾತಾಡ್ರಿ ಎಂದದ್ದೇ ತಡ, ಇಬ್ಬರ ಬಾಯಿಗೂ ಬೀಗ ಬಿತ್ತು. ಬೀಗರಾಗುವುದೆಂದರೆ ಇದೇ ಇರಬೇಕು. ಹೆಣ್ಣಿನ ತಂದೆ ‘ಎಷ್ಟು ಮಂದಿ ಬರ್ತೀರಿ’ ಎಂದು ತಾನಾಗಿ ಕೇಳಿದರೆ ಜಿಪುಣ. ಗಂಡಿನ ತಂದೆ ‘ಇಷ್ಟು ಮಂದಿ ಬರ್ತೇವಿ’ ಎಂದು ತಾನಾಗಿ ಹೇಳಿದರೆ ಹೊಟ್ಟೆಬಾಕ. ಇಬ್ಬರೂ ಆಡಲಾರದ ಇಂಥ ಮಾತನ್ನು ಆಡುವುದಕ್ಕೇ ಎಲ್ಲ ಲಗ್ನದಲ್ಲೂ ಒಬ್ಬ ಮೂರನೆಯವ ಇರುತ್ತಾನೆ. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಗೆ ಸಕ್ಕರೆ ಹಚ್ಚಿ ಹೇಳುತ್ತಾನೆ. ತಪ್ಪಿದರೆ ಬೈಗುಳವೂ ಅವನಿಗೇ. ಡಾಕಪ್ಪ ಅಂಥವನನ್ನೇ ಬೇಡ ಅಂದಿದ್ದ.

“ಮಳಿ ಈ ಸಲ ಲಗೂ ಬರತೈತೇನ್ರಿ?” ಎಂದ ಗುಡದಪ್ಪ.

“ಬಂದ್ರ ಛಲೋ ಆತು” ಎಂದ ಡಾಕಪ್ಪ.

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಇಲ್ಲ.”

ಇನ್ನೊಂದು ಸಲ ಚಹಾ ಬಂತು. ತಂದ ಚೌಡವ್ವ ಇಬ್ಬರ ಮುಖ ನೋಡಿ, “ಸಕ್ಕರಿ ಸರಿ ಐತೇನ್ರಿ, ಅದನ್ನರ ಹೇಳ್ರಿ” ಎಂದು ಹೋಗಿ ಬಾಗಿಲಲ್ಲಿ ನಿಂತಳು. ಸಂತೆಯಲ್ಲಿ ಹಾವು ಮುಂಗುಸಿಯಂಥವರನ್ನು ಕೂಡಿಸಿದ ಗುಡದಪ್ಪ ತನ್ನ ಮನೆಯ ಬಾಕಿನ ಮೇಲೆ ಮೂಕನಾಗಿದ್ದ. ತನ್ನದೇ ಎತ್ತಿಗೆ ತಾನೇ ದಲಾಲನಾಗಲು ಬರುವುದಿಲ್ಲ.

ಆಗ ಬಾಳಕೃಷ್ಣ ಎದ್ದು ಬಂದು ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಕುಳಿತ.

“ಬಾಯಿಗೆ ನಾಚಿಕಿ ಇದ್ರ ಕೈಗೆ ಯಾಕ್ರಿ ನಾಚಿಕಿ? ಡಾಕಪ್ಪನವರ, ನೀವೂ ಎತ್ತು ಕೊಂಡವರ, ಬೆರಳ ಮಾತು ಬರ್ತದ. ನಿಮ್ಮ ಕೈ, ಇವರ ಕೈ, ನೆಟ್ಟಗ. ಒಂದು ಬೆರಳಿಗೆ ನೂರು ಎಲಿ, ಇಡೀ ಮುಷ್ಟಿಗೆ ಐನೂರು. ಯಾರೂ ಬಾಯಿ ಬಿಡಬೇಕಿಲ್ಲ. ನಾ ಬರೇ ಟವೆಲ್ ಹಾಕೂ ಗೂಟ ಅಂತ ತಿಳೀರಿ.”

ಡಾಕಪ್ಪನಿಗೆ ಇದು ಹಿಡಿಸಿತು. ದಲಾಲನಿಲ್ಲದ ವ್ಯವಹಾರ, ಮಾಲಕನಿಗೆ ಮಾಲಕ. “ಆಗಲಿ” ಎಂದು ತೋಳು ಸರಿಸಿದ. ಗುಡದಪ್ಪನ ದೊಡ್ಡ ಟವೆಲ್ಲು ಬಾಳಕೃಷ್ಣನ ತೊಡೆಯ ಮೇಲೆ ಹರಡಿತು. ಆ ಕಡೆಯಿಂದ ಒಂದು ಕೈ, ಈ ಕಡೆಯಿಂದ ಒಂದು ಕೈ ಒಳಗೆ ಹೋದವು. ಟವೆಲ್ಲು ಜಾರದಂತೆ ಹಿಡಿದಿರಬೇಕೆಂದು ಬಾಳಕೃಷ್ಣನ ಕೈಗಳೂ ಒಳಗೆ ಹೋದವು. ರಿವಾಜಿನಂತೆ ಗುಡದಪ್ಪ ಜಂತಿ ನೋಡಿದ. ಡಾಕಪ್ಪ ಹೊಸ್ತಿಲ ಕಡೆ ನೋಡಿದ. ಬಾಳಕೃಷ್ಣ ಗೋಡೆಯ ಕ್ಯಾಲೆಂಡರಿನ ಬಸವಣ್ಣನನ್ನು ಭಕ್ತಿಯಿಂದ ನೋಡತೊಡಗಿದ.

ಒಂದು ಕೈ ಬಂದು ಗುಡದಪ್ಪನ ಕೈ ಹಿಡಿಯಿತು. ಒಂದೇ ಒಂದು ಬೆರಳು ಹಿಡಿದು ಅಲ್ಲಾಡಿಸಿತು.

ನೂರೇ?

ಐನೂರು ಅನ್ನುವವನೆಂದು ಗುಡದಪ್ಪ ಎದೆ ಗಟ್ಟಿ ಮಾಡಿಕೊಂಡಿದ್ದ. ಇನ್ನೂರು ಅವನ ಶಕ್ತಿ. ಮುನ್ನೂರಕ್ಕೆ ಹೇಗೋ ಏಗಬಹುದು. ಡಾಕಪ್ಪ ನೂರು ಅನ್ನುತ್ತಿದ್ದಾನೆ! ನಂಬಲಾಗದೆ ಮತ್ತೆ ಮುಟ್ಟಿ ಕೇಳಿದ. ಮತ್ತೆ ಅದೇ ಒಂದು ಬೆರಳು. ‘ಎಂಥಾ ದೊಡ್ಡ ಮನುಷ್ಯಾ’ ಎಂದು ಅವನ ಕಣ್ಣು ತುಂಬಿತು. ಒಪ್ಪಿಗೆ ಒತ್ತಲು ಆ ಅಂಗೈಯನ್ನು ತಿರುಗಿಸಿದ.

ತಿರುಗಿಸಿದವನ ಹೆಬ್ಬೆರಳಿಗೆ ಆ ಕೈಯ ನಡುಬೆರಳಿನ ಪಕ್ಕದಲ್ಲಿ ಒಂದು ಸಣ್ಣ ಗಂಟು ಸಿಕ್ಕಿತು. ಪೆನ್ನು ಒತ್ತಿ ಒತ್ತಿ ಆದ ಗಂಟು. ಅಂಗೈ ಮೊಸರಿನ ಕೆನೆಯ ಹಾಗಿತ್ತು. ಮೆಣಸಿನಕಾಯಿ ಚೀಲ ಎಳೆದ ಕೈಯಲ್ಲ ಇದು.

ಗುಡದಪ್ಪ ರಿವಾಜು ಮುರಿದು ಓರೆಗಣ್ಣಿನಲ್ಲಿ ನೋಡಿದ. ಬಾಳಕೃಷ್ಣ ಕ್ಯಾಲೆಂಡರಿನಲ್ಲಿ ಲೀನನಾಗಿದ್ದ, ತುಟಿಯ ತುದಿ ಮಾತ್ರ ಕುಣಿಯುತ್ತಿತ್ತು. ಆ ಬದಿಗೆ ಡಾಕಪ್ಪನ ಮುಖ ಬೆಣ್ಣೆಯಂತೆ ಕರಗುತ್ತಿತ್ತು. ಅವನಿಗೆ ಈ ಪುಣ್ಯಾತ್ಮ ಗುಡದಪ್ಪನ ಪರವಾಗಿ ಏನು ಹಿಡಿದು ತೋರಿಸುತ್ತಿದ್ದಾನೋ! ಇಬ್ಬರೂ ಬೀಗರು ಒಬ್ಬರ ಕೈಯನ್ನೊಬ್ಬರು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದೆಲ್ಲ ನಡುವೆ ಕೂತ ಗೂಟವನ್ನು.

ಗುಡದಪ್ಪನಿಗೆ ಮೊದಲು ‘ಆಗಲಿ ಬಿಡು’ ಅನಿಸಿತು. ಅಂಗೈ ಒತ್ತಿದರೆ ಮುಗಿಯಿತು. ನೂರು ಎಲೆ, ಮಗಳ ಲಗ್ನ, ಬೀಗರ ಸಂತೋಷ. ಬಾಗಿಲಲ್ಲಿ ಚೌಡವ್ವ ನಿಂತಿದ್ದಳು. ಟವೆಲ್ಲು ಎತ್ತಿದರೆ? ಡಾಕಪ್ಪ ಸಿಡಿದೆದ್ದು ಹೋಗುತ್ತಾನೆ. ‘ಬೀಗನಾಗೋನಿಗೇ ಟೋಪಿ ಹಾಕಿದ, ದಲಾಲನ ಬುದ್ಧಿ’ ಎಂದು ಬ್ಯಾಡಗಿಯ ಪ್ಯಾಟಿಯೆಲ್ಲ ಸೀನುತ್ತದೆ. ಮಗಳು ಮತ್ತೆ ಚೀಲವನ್ನು ಸೀಟಿನ ಮೇಲಿಡುತ್ತಾಳೆ.

ಎಲ್ಲ ಗೊತ್ತಿತ್ತು. ಆದರೂ ಕೈ ಒತ್ತಲಿಲ್ಲ. ಇಷ್ಟು ವರ್ಷ ಆ ಕೈ ಎಷ್ಟೋ ಆಸೆಗಳನ್ನು ಹಿಡಿದು ನೋಡಿತ್ತು. ಮಾಲಕನದಲ್ಲದ ಕೈಗೆ ಒಪ್ಪಿಗೆ ಒತ್ತಿದ್ದಿಲ್ಲ. ಗುಡದಪ್ಪ ಎಡಗೈಯಿಂದ ಟವೆಲ್ಲಿನ ಚುಂಗು ಹಿಡಿದು ಸರಕ್ಕನೆ ಎಳೆದುಬಿಟ್ಟ.

ನಾಲ್ಕು ಕೈ ಬಯಲಿಗೆ ಬಿದ್ದವು.

ಬಾಳಕೃಷ್ಣನ ಬಲಗೈ ಗುಡದಪ್ಪನ ಕೈಯಲ್ಲಿತ್ತು. ಎಡಗೈಯನ್ನು ಡಾಕಪ್ಪ ತನ್ನ ಐದೂ ಬೆರಳಿನಿಂದ, ಜಾತ್ರೆಯಲ್ಲಿ ಮಗುವಿನ ಕೈ ಹಿಡಿದಂತೆ, ಗಟ್ಟಿಯಾಗಿ ಹಿಡಿದಿದ್ದ. ಹಿಡಿದ ಕೈಯನ್ನು ಅವನು ನೋಡಿದ. ಅದರ ತೋಳಿನ ಗುಂಟ ನೋಡುತ್ತ ಮೇಲೇರಿ ಬಾಳಕೃಷ್ಣನ ಮುಖಕ್ಕೆ ಬಂದ. ಊರಿನ ಎಲ್ಲರ ದನಿಯೂ ಗೊತ್ತಿದ್ದ ಬಾಳಕೃಷ್ಣನಿಗೆ ಆಗ ಒಂದು ದನಿಯೂ ಹೊರಡಲಿಲ್ಲ. ಕರಿಯವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

“ಇದೇನ್ರಿ?” ಎಂದ ಡಾಕಪ್ಪ. ಕೈ ಬಿಡುವುದನ್ನು ಮರೆತಿದ್ದ.

“ಸರ ಮಾಡಿದ್ದು ಹುಡುಗಾಟ್ರಿ” ಎಂದ ಗುಡದಪ್ಪ. “ಮೊದಲ ನನಗೂ ಗೊತ್ತಾಗಲಿಲ್ಲ. ಗೊತ್ತಾದ ಮ್ಯಾಲೆ ಸುಮ್ಮ ಕುಂದ್ರಾಕ ಆಗಲಿಲ್ಲ. ನನಗ ಒಂದು ಬೆರಳು ಬಂತು, ನೂರು ಎಲಿ. ಅದು ನಿಮ್ಮ ಮಾತಲ್ಲ.”

“ನೂರಕ್ಕ ಒತ್ತಿಬಿಟ್ಟಿದ್ರ ನಿಮಗ ಫಾಯಿದೆ ಇತ್ತಲ್ರಿ. ನಾ ಇಲ್ಲ ಅನ್ನಾಕ ಬರತಿದ್ದಿಲ್ಲ. ಬೆರಳ ಮಾತು ಕಲ್ಲಿನ ಮಾತು. ಯಾಕ ಎತ್ತಿದ್ರಿ?”

“ಯಾಕಂದ್ರ, ನಾ ದಲಾಲ ಅದೇನ್ರಿ.”

ಹೇಳಿಬಿಟ್ಟ ಮೇಲೆ ಗುಡದಪ್ಪನಿಗೆ ತನ್ನ ಬಾಯಿಯಿಂದ ಯಾವ ಶಬ್ದ ಬಿತ್ತೆಂದು ಹೊಳೆಯಿತು. ನಾಲಿಗೆ ಕಚ್ಚಿಕೊಂಡ. ಬೇಡವೆಂದಿದ್ದ ಅದೇ ಶಬ್ದ ಪಡಸಾಲೆಯ ನಡುವೆ, ಯಾರೂ ಎತ್ತಿಕೊಳ್ಳದ ಕೂಸಿನಂತೆ ಕೂತುಬಿಟ್ಟಿತು.

ಡಾಕಪ್ಪ ಗುಡದಪ್ಪನ ಕಡೆ ತಿರುಗಿದ. ಆಮೇಲೆ ಮುಖದ ಬಿಗಿ ಸಡಿಲಿಸದೆಯೇ ಹೇಳಿದ: “ಅವತ್ತ ನನಗ ಮೋಸಾ ಮಾಡಿದ ದಲಾಲ ಟವೆಲ್ ಹಾಕಿದ್ದಾಂವ. ಟವೆಲ್ ಎತ್ತಿದಾಂವನ್ನ ನಾ ಇವತ್ತ ನೋಡಿದ್ದು. ಪತ್ರಿಕಿಯೊಳಗ ಆ ಶಬ್ದಾನ ಹಾಕ್ಸ್ರಿ. ಬ್ಯಾರೇದು ಬ್ಯಾಡ. ನಾಕು ಮಂದಿ ಬೀಗರು ನಕ್ರ ಅವರಿಗೆ ನಾ ಹೇಳ್ತೇನಿ. ಎಲಿ ಇನ್ನೂರು. ಬಾಯಿಲೆ ಹೇಳಾಕತ್ತೇನಿ, ಕೇಳ್ಕೊರ್ರಿ.”

ಬಾಗಿಲಲ್ಲಿ ಬಳೆಗಳ ಸಪ್ಪಳವಾಯಿತು. ಚೌಡವ್ವ ಅಲ್ಲಿರಲಿಲ್ಲ, ಒಳಗೆ ಓಡಿದ್ದಳು. ಗುಡದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡ.

ಚಾಪೆಯ ಮೇಲಿದ್ದ ಮಂಗಳವ್ವ ಈಗ ಗಂಡನ ಕಡೆ ತಿರುಗಿದಳು. “ಅದೆಲ್ಲಾ ಇರಲಿ. ಅಷ್ಟೊತ್ತನಕಾ ಸರ್ ಕೈ ಹಿಡಕೊಂಡು ಕುಂತಿದ್ರೆಲ್ಲಾ, ನಿಮಗ ಗೊತ್ತಾಗಲಿಲ್ಲೇನ್ರಿ?”

ಡಾಕಪ್ಪ ಕೆಮ್ಮಿದ. “ಗೊತ್ತಾಗಲಿಲ್ಲ.”

“ಏನಂದ್ಕೊಂಡ್ರಿ ಮತ್ತ?”

“ನಾ ಐನೂರು ಅನ್ನಬೇಕಂತ ಕೈ ಹಾಕಿದ್ನಿ. ಹಾಕಿದ್ರ ಆ ಕಡಿಂದ ಮೊದಲ ಇಡೀ ಮುಷ್ಟಿ ಬಂತು. ಕೇಳೂದಕಿಂತಾ ಮೊದಲ ಐನೂರು! ನನಗ ನಾಚಿಕಿ ಆತು, ಒಂದು ಬೆರಳು ಕಡಿಮಿ ಮಾಡಿದ್ನಿ. ಆ ಕೈ ಕೇಳವಲ್ದು, ಮತ್ತ ಮುಷ್ಟಿ. ನಾ ಇನ್ನೊಂದು ಇಳಿಸಿದ್ನಿ. ಮ್ಯಾಲೆ ಆ ಕೈಯರ ಏನು ಮೆತ್ತಗ…” ಡಾಕಪ್ಪ ಇನ್ನೂ ತನ್ನ ಹಿಡಿತದಲ್ಲೇ ಇದ್ದ ಬಾಳಕೃಷ್ಣನ ಕೈ ನೋಡಿದ. “ಬಿಸಿಲಾಗ ನಿಂತು ದುಡಿಯೂ ಬೀಗರ ಕೈ ಇಷ್ಟು ಮೆತ್ತಗ ಅಂದ್ರ ಮನಸು ಎಷ್ಟು ಮೆತ್ತಗ ಇರಬೇಕು ಅಂತ… ಕರುಳು ಚುರ್ ಅಂತು ನನಗ. ಹಿಂಗ ತೀಡಿಕೋತ ಕುಂತಬಿಟ್ಟಿದ್ನಿ.”

“ಅಯ್ಯ, ನನ್ನ ಕೈ ಹಿಡದು ಇಷ್ಟು ವರ್ಷಾತು. ಒಂದ ದಿನಾರ ಹಿಂಗ ತೀಡೀರೇನು?” ಎಂದಳು ಮಂಗಳವ್ವ.

ಕರಿಯವ್ವನ ಬಾಯಿಯ ಸೆರಗು ಜಾರಿತು. ಒಳಗಿನಿಂದ ಚೌಡವ್ವನ ನಗೆ ಕೇಳಿಸಿತು. ಗುಡದಪ್ಪ ಟವೆಲ್ಲಿನೊಳಗೆ ಮುಖ ಮುಚ್ಚಿ ಅಲ್ಲಾಡತೊಡಗಿದ. ಬಾಳಕೃಷ್ಣ ಮಾತ್ರ ನಗಲೋ ಬೇಡವೋ ಎಂದು ಡಾಕಪ್ಪನ ಮುಖವನ್ನೇ ನೋಡುತ್ತ, “ಡಾಕಪ್ಪನವರ, ಕೈ… ಬಿಡ್ತೀರೇನು?” ಎಂದ.

ಡಾಕಪ್ಪ ಬಿಡಲಿಲ್ಲ. ಆ ಮೆತ್ತನೆಯ ಕೈಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಮೊದಲು ಅವನ ಮೀಸೆ ಅದುರಿತು, ಆಮೇಲೆ ಹೆಗಲು, ಆಮೇಲೆ ಇಡೀ ಬಾಕು. ನಗೆ ಅವನ ಹೊಟ್ಟೆಯಿಂದ ಎದ್ದು ಬಂತು. ತಡೆದಷ್ಟೂ ಉಕ್ಕಿತು, ಉಕ್ಕಿದಷ್ಟೂ ಕಣ್ಣೀರು ಬಂತು. ಎತ್ತಿನ ಬಂಡಿಯವನೊಬ್ಬ ಓಣಿಯಲ್ಲಿ ಬಂಡಿ ನಿಲ್ಲಿಸಿದ. ಸೈದಾಬಿ ಮತ್ತೆ ಸೆರಗು ಹೊದ್ದು ಓಡಿಬಂದು ಹೊಸ್ತಿಲಲ್ಲಿ ನಿಂತಳು. ಅವಳು ಏನಾಯಿತೆಂದು ಕೇಳಿದರೂ ಪಡಸಾಲೆಯಲ್ಲಿ ಯಾರಿಗೂ ಕೇಳಿಸಲಿಲ್ಲ, ಡಾಕಪ್ಪ ಅಷ್ಟು ಜೋರಾಗಿ ನಗುತ್ತಿದ್ದ.